ಮಿಂಚುಳ್ಳಿಯ ನಡುಕ

ನೀಲಿ ಬಣ್ಣದ ‘ಮಿಂಚುಳ್ಳಿ’ ಕ್ರೀಡಾಕಾರು ಪರೀಕ್ಷಾಪಥದ ಕೊನೆಯ ತಿರುವನ್ನು ನೀರು ಹರಿದಷ್ಟು ಸಲೀಸಾಗಿ ದಾಟಿ ಬಂದು ನಿಂತಿತು. ತಾಲೀಮಿನ ಸುತ್ತಿಗೆ ಹಿಡಿದದ್ದು ಒಂದು ನಿಮಿಷ ನಲವತ್ತೆಂಟು ಸೆಕೆಂಡು.

“ನೋಡಿದಿರಾ? ಇದು ನಮ್ಮ ಹೊಸ ಪ್ಯಾಕೇಜಿನ ಕೈಚಳಕ,” ಎಂದರು ವೈಜಯಂತಿ ಕಾಮತ್. ಅವರು ಈ ಕಾರು ತಯಾರಿಸಿದ ಕಂಪನಿಯ ವಿಜ್ಞಾನಿ.

ಒಳಗೆ ಕುಳಿತಿದ್ದ ಎಪ್ಪತ್ತೊಂದರ ಶಿವಪುತ್ರಪ್ಪ ಒಂದು ಕಾಲದಲ್ಲಿ ಹುಬ್ಬಳ್ಳಿಯ ಹೆಸರಾಂತ ರೇಸುಗಾರ. ಈಗ ಅವರ ಕೈಗಳು ಗಾಳಿಗೆ ಸಿಕ್ಕ ಜೋಳದ ಗರಿಯಂತೆ ನಡುಗುತ್ತಿದ್ದವು.

“ಗಾಡಿ ಚಲೋ ಓಡ್ತು. ಆದ್ರ ಇದರಾಗ ನಾ ಏನ್ ಮಾಡಿದ್ನ್ರೀ ಮೇಡಂ?”

“ನೀವೇ ಓಡಿಸಿದ್ದು, ಸರ್.”

“ಎರಡನೇ ತಿರುವಿನಾಗ ನಾ ಬೇಕಂತ ತಡಾ ಮಾಡಿ ತಿರುಗಿಸಿದೆ. ಅದು ಮೊದಲ ತಿರುಗಿ ಬಿಟ್ಟಿತ್ತು. ಮದುವಿ ಮನ್ಯಾಗ ಹಿರಿಯಾರನ್ನ ಮುಂದಿನ ಕುರ್ಚಿಗೆ ಕೂಡ್ರಿಸಿದಂಗಾತು. ಮರ್ಯಾದಿ ಐತಿ, ಕೆಲಸ ಇಲ್ಲ.”

ವೈಜಯಂತಿ ನಕ್ಕುಬಿಟ್ಟರು. ಮತ್ತೆ ತಾಳ್ಮೆಯಿಂದ ವಿವರಿಸಿದರು. ಈ ‘ಆದರ್ಶಹಸ್ತ’ ಎಂಬ ಯಂತ್ರದಲ್ಲಿ ನೂರು ಚಾಂಪಿಯನ್ನರ ಚಾಲನೆ ಅಡಕವಾಗಿದೆ. ಚಾಲಕನ ಕೈ ಅದಕ್ಕೆ ಹೊಂದದಂತೆ ಚಲಿಸಿದರೆ ಯಂತ್ರ ಆ ಚಲನೆಯನ್ನು ಅಳಿಸಿಹಾಕುತ್ತದೆ. “ನಡುಕ ಯಾವುದು, ಮನಸ್ಸು ಯಾವುದು ಎಂದು ಬೇರೆ ಹೇಗೆ ಗುರುತಿಸೋದು, ಹೇಳಿ?”

ಪಕ್ಕದಲ್ಲಿ ಮಗಳು ನೀಲಗಂಗಾ ನಿಂತಿದ್ದಳು. ಊರಿನಲ್ಲಿ ಅವಳದೊಂದು ಗ್ಯಾರೇಜು. ಕಂಪನಿ ಕೊಟ್ಟ ಕಾರುಗಳಿಗೆ ಕಂಪನಿ ಕೊಡದ ಬಿಡಿಭಾಗಗಳನ್ನು ಜೋಡಿಸಿ ಜೀವ ತುಂಬುವುದು ಅವಳ ಕಸುಬು. ಮೂರು ವರ್ಷದ ಹಿಂದೆ ಅಪ್ಪನಿಗೆ ಕಂಪವಾತವೆಂದು ತಿಳಿದ ದಿನವೇ ಅವಳು ಕಾರಿನ ಕೀಲಿ ಕಸಿದುಕೊಂಡಿದ್ದಳು. ಅಂದಿನಿಂದ ಅವರು ದಿನಾ ಬೆಳಿಗ್ಗೆ ಗ್ಯಾರೇಜಿಗೆ ಬಂದು ನಿಂತ ಕಾರಿನಲ್ಲೇ ಒಂದು ಗಳಿಗೆ ಕೂತು ಹೋಗುತ್ತಿದ್ದರು. ಈಗ ಹೊಸ ಕಾನೂನು ಬಂದಿತ್ತು: ಸಲಕರಣೆ ಯಾವುದೇ ಇರಲಿ, ಕೈನಡುಕ ಕಾರಿನ ಚಕ್ರಗಳಿಗೆ ಇಳಿಯದಿದ್ದರೆ ಪರವಾನಗಿ ಮರಳಿ ಸಿಗುತ್ತದೆ. ಆದರೆ ಪರೀಕ್ಷೆ ಒಂದೇ ಸಲ. ಸೋತರೆ ಮತ್ತೆಂದೂ ಇಲ್ಲ.

“ನನ್ನ ಮಗಳು ಮಾಡಿದ್ದ ಹಾಕ್ರಿ,” ಎಂದರು ಶಿವಪುತ್ರಪ್ಪ.

“ಅಪ್ಪಾ, ಕಂಪನೀದು ಹಾಕಿದ್ರ ಪಾಸಾಗೋದು ಗ್ಯಾರಂಟಿ ಐತಿ.”

“ಪಾಸಾಗೋದು ಅದು. ನಾ ಅಲ್ಲ.”

ನೀಲಗಂಗಾ ಆದರ್ಶಹಸ್ತವನ್ನು ಆರಿಸಿ ತನ್ನ ‘ಪ್ರತಿಕಂಪನ ವಲಯ’ವನ್ನು ಸ್ಟಿಯರಿಂಗಿಗೆ ತೊಡಿಸಿದಳು. ಬಳೆಯಂಥ ತೆಳು ಉಂಗುರ; ಎಂಟು ತಿಂಗಳ ಶ್ರಮ. ಕೈ ಎಡಕ್ಕೆ ಎಷ್ಟು ನಡುಗುವುದೋ ಅಷ್ಟೇ ಬಲಕ್ಕೆ ಅದು ನಡುಗುತ್ತದೆ. ಎರಡು ಅಲೆಗಳು ಎದುರುಬದುರಾಗಿ ಒಂದನ್ನೊಂದು ನುಂಗುತ್ತವೆ. ಅಪ್ಪ ಬೆಳಗಿನ ಹೊತ್ತು ನಿಂತ ಕಾರಿನಲ್ಲಿ ಕೂತಾಗ ಅವರ ನಡುಕದ ಲಯವನ್ನು ಅಳೆದು ಅಳೆದು ಅವಳು ಉಂಗುರಕ್ಕೆ ಕಲಿಸಿದ್ದಳು; ಕಲಿತ ಆ ಲಯದಲ್ಲೇ ಅದು ತಾನಾಗಿ ನಡುಗುತ್ತದೆ.

ಪರೀಕ್ಷೆ ಶುರುವಾಯಿತು. ಮೊದಲ ತಿರುವು ದಾಟುವಷ್ಟರಲ್ಲಿ ಅವಳ ಕೈಯಲ್ಲಿದ್ದ ಪರದೆ ಕೆಂಪಾಯಿತು. ಸ್ಟಿಯರಿಂಗ್ ಗಡಗಡ ನಡುಗುತ್ತಿತ್ತು! ಪರದೆಯ ಮೇಲೆ ಉಂಗುರದ ಗೆರೆ ಅಲೆಯಲೆಯಾಗಿ ಏರಿಳಿಯುತ್ತಿತ್ತು. ಅಪ್ಪನ ಕೈಯ ಗೆರೆ ಮಾತ್ರ ಎಳೆದು ಕಟ್ಟಿದ ನೂಲಿನಂತೆ ನೇರವಾಗಿತ್ತು.

“ಅಪ್ಪಾ, ಉಂಗರಾ ತಪ್ಪೇತಿ!” ಅವಳು ವೈರ್‌ಲೆಸ್ಸಿನಲ್ಲಿ ಕೂಗಿದಳು. “ನಿನ್ನ ಕೈ ನಡಗವಲ್ದು!”

“ಏನಂದಿ?”

“ನಿನ್ನ ಕೈ ನಡಗವಲ್ದಪ್ಪಾ!”



ವೈಜಯಂತಿ ಪರದೆಯತ್ತ ಬಾಗಿದರು. “ಕೆಲವರಿಗೆ ಕೈ ಸುಮ್ಮನಿದ್ದಾಗಷ್ಟೇ ನಡುಕ. ಕೆಲಸಕ್ಕೆ ಹಚ್ಚಿದರೆ ತಗ್ಗುತ್ತದೆ. ಇಷ್ಟು ಪೂರ್ತಿ ನಿಂತದ್ದನ್ನು ನಾನೂ ಕಂಡಿರಲಿಲ್ಲ. ಓಡುವ ಕಾರಿನಲ್ಲಿ ನೀವು ಅಳೆಯಲೇ ಇಲ್ಲವೇ?”

“ಓಡಸಾಕ ನಾನ ಬಿಟ್ಟಿದ್ದಿಲ್ಲಲ್ರೀ,” ಎಂದಳು ನೀಲಗಂಗಾ. “ಬಿದ್ದು ಗಿದ್ದು ಏನರ ಆದೀತಂತ ಅಂಜಿ…”

“ಉಂಗುರವನ್ನು ಆರಿಸಿಬಿಡಲೇ?” ವೈಜಯಂತಿಯವರ ಬೆರಳು ಗುಂಡಿಯ ಮೇಲಿತ್ತು.

ಅಷ್ಟರಲ್ಲಿ ಅಪ್ಪನ ದನಿ ಕೇಳಿಸಿತು. ಎಳೆಗರುವನ್ನು ಮೈದಡವಿ ಮಾತಾಡಿಸುವ ದನಿ ಅದು. “ಮುಟ್ಟಬ್ಯಾಡ್ರಿ. ಪಾಪ, ಸ್ಟಿಯರಿಂಗ್ ಅಂಜೇತಿ. ನಾ ಹಿಡಕೊಂಡೀನಿ.”

ಅವರು ಹಿಡಿದುಕೊಂಡರು. ಉಂಗುರದ ನಡುಕವೆಲ್ಲ ಆ ಮುದಿ ಅಂಗೈಗಳಲ್ಲೇ ಇಂಗಿತು. ಕಾರಿನ ಚಕ್ರಗಳಿಗೆ ಒಂದು ಹನಿಯೂ ಇಳಿಯಲಿಲ್ಲ. ಎರಡು ನಿಮಿಷ ಮೂವತ್ತೊಂದು ಸೆಕೆಂಡಿಗೆ ಮಿಂಚುಳ್ಳಿ ಗೆರೆ ಮುಟ್ಟಿದಾಗ ಹಸಿರು ದೀಪ ಹತ್ತಿತು.

ನೀಲಗಂಗಾ ಓಡಿ ಬಂದು ಬಾಗಿಲು ತೆಗೆದಳು. ಕಾರು ನಿಂತಿತ್ತು, ಕೆಲಸ ಮುಗಿಸಿದ ಕೈಗೆ ನಡುಕ ಮರಳಿ ಬರುವ ಹೊತ್ತು. ಬಂದೇ ಬಂತು. ಆದರೆ ಉಂಗುರ ಇನ್ನೂ ತನ್ನ ಪಾಠ ಒಪ್ಪಿಸುತ್ತಲೇ ಇತ್ತು. ಎರಡು ಅಲೆಗಳು ಕೂಡಿದವು, ಎರಡೂ ತಣ್ಣಗಾದವು.

ಅವಳು ಅಪ್ಪನ ಕೈಮೇಲೆ ಕೈಯಿಟ್ಟಳು. ಮೂರು ವರ್ಷದಲ್ಲಿ ಮೊದಲ ಸಲ ಸುಮ್ಮನೆ ಕೂತ ಆ ಕೈ ಅಲುಗಲಿಲ್ಲ. ನಡುಗುತ್ತಿದ್ದುದು ಅವಳದು.

“ಮೂರು ವರ್ಷ, ಅಪ್ಪಾ…”

“ಹುಚ್ಚಿ,” ಎಂದರು ಶಿವಪುತ್ರಪ್ಪ, ಅವಳ ಬೆರಳುಗಳನ್ನು ತಮ್ಮ ಬೆರಳುಗಳ ಕೆಳಗೆ ಸೇರಿಸಿ ಸ್ಟಿಯರಿಂಗಿಗೆ ಒತ್ತಿ ಹಿಡಿದು. “ಒಂದ್ ಗಳಿಗಿ ಹಿಂಗ ಇರು. ನಿಂದೂ ನಿಂದರ್ತೈತಿ.”