ಎಂಟನೇ ಬೈಕ್

"ಮೇಡಂ... ಏನಾದ್ರೂ ಕೆಳಗೆ ಬಿದ್ದೋಯ್ತಾ?"

ಶೋರೂಮಿನ ಹೊಳೆಯುವ ನೆಲದ ಮೇಲೆ ಅಂಗಾತ ಮಲಗಿ, ಕಡುನೀಲಿ ಬೈಕಿನ ಹಿಂದಿನ ಚಕ್ರಕ್ಕೆ ಟಾರ್ಚ್ ಹಿಡಿದಿದ್ದ ಅವಳು ತಲೆಯನ್ನೂ ತಿರುಗಿಸಲಿಲ್ಲ.

"ಇನ್ನೂ ಬಿದ್ದಿಲ್ಲ. ಬೀಳುತ್ತೆ... ನಿಮ್ಮ ಬೆಲೆ!"

ಸೇಲ್ಸಿನವನು ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಇಸ್ತ್ರಿ ಮಾಡಿದ ಪ್ಯಾಂಟಿನ ಚಿಂತೆ ಬಿಟ್ಟು ತಾನೂ ಕುಕ್ಕರಗಾಲಲ್ಲಿ ಕೂತ. ಬೈಕಿನ ಎರಡು ಚಕ್ರಗಳ ನಡುವಿನಿಂದ ಅವರಿಬ್ಬರ ಕಣ್ಣುಗಳು ಮೊದಲ ಸಲ ಸೇರಿದವು.

"ಟೈರ್ ಮೇಲೆ ಅದು ತಯಾರಾದ ವಾರದ ನಂಬರ್ ಇದೆ, ನೋಡಿದ್ರಾ?" ಅವಳು ಕೇಳಿದಳು. "ಈ ಗಾಡಿ ನಿಮ್ಮ ಗೋಡೌನಿಗೆ ಬಂದು ಹನ್ನೊಂದು ತಿಂಗಳಾದ್ರೂ ಆಗಿರಬೇಕು. ಹೊರಗೆ ಜಡಿಮಳೆ. ಇಡೀ ಶೋರೂಮಲ್ಲಿ ನಾನೊಬ್ಬಳೇ ಗಿರಾಕಿ. ಎಷ್ಟು ಕಡಿಮೆ ಮಾಡ್ತೀರಾ?"

"ಐದು ಸಾವಿರ. ಅದೇ ಫೈನಲ್, ಮೇಡಂ."

"ಹದಿನೈದು."

"ಮೇಡಂ!"

"ಎದ್ದೇಳಿ, ಪ್ಯಾಂಟು ಕೊಳೆಯಾಗುತ್ತೆ," ಎಂದು ಅವಳು ತಾನೇ ಮೊದಲು ಎದ್ದು ಕೈ ಒರೆಸಿಕೊಂಡಳು.

ಅವಳು ಲಿಫ್ಟ್ ಮೆಕ್ಯಾನಿಕ್. ಹನ್ನೊಂದು ಜನರ ತಂಡದಲ್ಲಿ ಒಬ್ಬಳೇ ಹೆಣ್ಣು. ಹದಿಮೂರು ಕೆಜಿಯ ಟೂಲ್ ಬ್ಯಾಗನ್ನು ಹೆಗಲಿಗೆ ನೇತುಹಾಕಿಕೊಂಡು, ಎರಡು ಬಸ್ಸು ಬದಲಾಯಿಸಿ, ಊರೆಲ್ಲ ಸುತ್ತಿ ಐದು ವರ್ಷವಾಗಿತ್ತು. ಹೋದ ವಾರ ಸೂಪರ್‌ವೈಸರ್ ಕರೆದು ಹೇಳಿದ್ದರು: "ಒಂದನೇ ತಾರೀಕಿನಿಂದ ಪೂರ್ವ ವಲಯಕ್ಕೆ ಹಿರಿಯ ಮೆಕ್ಯಾನಿಕ್ ಬೇಕು. ಸ್ವಂತ ಗಾಡಿ ಇರೋರಿಗೇ ಆ ಕೆಲಸ. ಅಷ್ಟರೊಳಗೆ ಗಾಡಿ ತಗೊಂಡ್ರೆ ಅದು ನಿನ್ನದು."

ಈ ಒಂದು ಮಾತನ್ನು ಮಾತ್ರ ಅವಳು ಶೋರೂಮಿನಲ್ಲಿ ಬಾಯಿಬಿಟ್ಟು ಹೇಳಲಿಲ್ಲ. ಅವಸರ ಇದೆ ಅಂತ ತೋರಿಸಿಕೊಂಡರೆ ಚೌಕಾಸಿ ಅಲ್ಲಿಗೇ ಮುಗಿಯಿತಲ್ಲ!

ಮೊದಲ ಮೂರು ಶೋರೂಮುಗಳಿಗೆ ಅಕ್ಕನ ಗಂಡನ ಜೊತೆ ಹೋಗಿದ್ದಳು. ಮೂರೂ ಕಡೆ ಸೇಲ್ಸಿನವರು ಭಾವನ ಮುಖವನ್ನೇ ನೋಡಿ ಮಾತಾಡಿದ್ದರು. "ಸರ್, ಮೇಡಂಗೆ ಚಿಕ್ಕ ಸ್ಕೂಟರ್ ಸಾಕಲ್ವಾ?" ಬೈಕ್ ಹತ್ತಿದರೆ ತಲೆ ಸುತ್ತುವ ಭಾವ ಪಾಪ, ಎಲ್ಲದಕ್ಕೂ ತಲೆಯಾಡಿಸಿದ್ದ.

ನಾಲ್ಕನೆಯ ಕಡೆಗೆ ಅವಳು ಒಬ್ಬಳೇ ಬಂದಿದ್ದಳು. ಎದ್ದು ನಿಂತ ಮೇಲೆ ಇಲ್ಲಿನ ಸೇಲ್ಸಿನವನು ಅವಳನ್ನು ಕೇಳಿದ ಮೊದಲ ಪ್ರಶ್ನೆಯೇ ಬೇರೆ.

"ದಿನಕ್ಕೆ ಎಷ್ಟು ಭಾರ ಹೊರ್ತೀರಾ?"

ಅವಳು ಟೂಲ್ ಬ್ಯಾಗನ್ನು ಅವನ ಕೈಗಿಟ್ಟಳು. ಅವನ ಹೆಗಲು ಒಂದು ಕಡೆ ಜಗ್ಗಿತು!

"ಅಬ್ಬಾ! ಇದನ್ನ ಹೊತ್ಕೊಂಡು ಬಸ್ಸಲ್ಲಿ ನಿಂತ್ಕೊಂಡ್ ಬರ್ತೀರಾ? ಹಾಗಾದ್ರೆ ಈ ಗಾಡಿನೇ ಸರಿ. ಬ್ಯಾಗ್ ಕಟ್ಟೋಕೆ ಹಿಂದೆ ಕಂಬಿ ಹಾಕಿಸಿಕೊಡ್ತೀನಿ."

ಮರುದಿನ ಅವಳು ಮತ್ತೆ ಬಂದಳು. ಆವತ್ತು ಅವನೇ ಒಂದು ಗುಟ್ಟು ಹೇಳಿದ.

"ನೀವು ಟೈರ್ ನೋಡಿದ್ರಿ, ಬ್ಯಾಟರಿ ನೋಡ್ಲಿಲ್ಲ. ಇಷ್ಟು ತಿಂಗಳು ನಿಂತ ಗಾಡೀದು ಬ್ಯಾಟರಿ ಸತ್ತೇ ಹೋಗಿರುತ್ತೆ. ಹೊಸದು ಹಾಕಿ ಕೊಡಿ ಅಂತ ಕೇಳಿ. ಕೇಳಿದ್ರೆ ಮಾತ್ರ ಕೊಡ್ತಾರೆ."

ಅವಳು ಅವನನ್ನೇ ನೋಡಿದಳು. *ಇವನು ಯಾರ ಕಡೆ?*

"ಆಯ್ತು. ಹೊಸ ಬ್ಯಾಟರಿ, ಹಿಂದಿನ ಕಂಬಿ, ಜೊತೆಗೆ ಹದಿನೈದು ಸಾವಿರ ಕಡಿಮೆ."

"ಹತ್ತು. ಫೈನಲ್."

"ನಿನ್ನೆ ಐದು ಫೈನಲ್ ಆಗಿತ್ತು. ನಿಮಗೆ ಎಷ್ಟು ಫೈನಲ್ ಇದ್ದಾವೆ?"

ಕ್ಯಾಷ್ ಕೌಂಟರಿನಲ್ಲಿದ್ದ ಹಿರಿಯ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಳು. ಆವತ್ತಿನಿಂದ ಇಡೀ ಶೋರೂಮಿಗೆ ಅವನು "ಫೈನಲ್" ಆಗಿಬಿಟ್ಟ.

ಮೂರನೆಯ ದಿನ, ತಿಂಗಳ ಇಪ್ಪತ್ತೊಂಬತ್ತನೇ ತಾರೀಕು. ಅವಳು ಕುರ್ಚಿ ಎಳೆದು ಕೂತು ನೇರವಾಗಿ ಹೇಳಿದಳು: "ಹದಿನೈದಕ್ಕೆ ಒಪ್ಪಿದ್ರೆ ಈಗಲೇ ಸಹಿ. ಇಲ್ಲಾಂದ್ರೆ ಮಳೆ ನಿಂತ ಮೇಲೆ ನೋಡೋಣ."

ಒಳಗೆ ಮಾತ್ರ ಬೇರೆಯೇ ಲೆಕ್ಕ. *ಇವನು ಇಲ್ಲ ಅಂದ್ರೆ... ಪೂರ್ತಿ ಬೆಲೆ ಕೊಟ್ಟಾದ್ರೂ ತಗೊಳ್ಳಲೇಬೇಕು!*

ಫೈನಲ್ ಎದ್ದು ಮ್ಯಾನೇಜರ್ ಕೋಣೆಗೆ ಹೋದ. ಗಾಜಿನಾಚೆ ಕೈ ಬೀಸಿ ಬೀಸಿ ಮಾತಾಡಿದ. ತಲೆ ಕೆರೆದುಕೊಂಡ. ಯಾವುದೋ ಕಾಗದಕ್ಕೆ ಸಹಿ ಹಾಕಿದ. ಹೊರಗೆ ಬಂದವನ ಮುಖದಲ್ಲಿ ನಗು ಇತ್ತು.

"ಆಯ್ತು, ಮೇಡಂ. ನೀವು ಗೆದ್ರಿ."

ಆ ಎರಡು ಪದ ಅವಳ ಕಿವಿಗೆ ಎಷ್ಟು ಹಿತವಾಗಿ ಕೇಳಿಸಿತು!

ಮರುದಿನ ಮಳೆಯಲ್ಲೇ ಬೈಕ್ ಮನೆಗೆ ಬಂತು. ರೇನ್‌ಕೋಟ್ ಹಾಕಿಕೊಂಡ ಅಮ್ಮ ಹಿಂದೆ ಕೂತು, ಬೀದಿ ಸುತ್ತು ಹಾಕಿ ಬರುವಷ್ಟರಲ್ಲಿ ಎದುರಿಗೆ ಸಿಕ್ಕವರಿಗೆಲ್ಲ ಕೈ ಬೀಸಿದಳು. "ಹದಿನೈದು ಸಾವಿರ ಇಳಿಸಿದ್ದಾಳೆ ನಮ್ಮ ಪುಟ್ಟಿ!" ಒಂದನೇ ತಾರೀಕು ಪೂರ್ವ ವಲಯದ ಬೀಗದ ಕೈಗಳೂ ಅವಳ ಕೈಗೆ ಬಂದವು. ತಂಡದ ನಾಲ್ಕು ಗಂಡಸರು ಸಾಲಾಗಿ ಬಂದು, "ನಮಗೂ ಗಾಡಿ ಕೊಡಿಸು, ಮಾತಾಡೋಕೆ ನೀನೇ ಬಾ" ಎಂದರು.

ಆಮೇಲೆ ಫೋನ್ ಶುರುವಾಯಿತು.

"ಫೈನಲ್ ಮಾತಾಡ್ತಿರೋದು. ಗಾಡಿ ಹೇಗಿದೆ?"

"ಚೆನ್ನಾಗಿದೆ."

"ನೀವು?"

"...ಗಾಡಿಗಿಂತ ಚೆನ್ನಾಗಿದೀನಿ."

ವಾರಕ್ಕೊಂದು ಫೋನ್ ಎರಡಾಯಿತು, ಎರಡು ನಾಲ್ಕಾಯಿತು. ಮೊದಲ ಸರ್ವಿಸಿನ ದಿನ ಇಬ್ಬರೂ ವರ್ಕ್‌ಶಾಪಿನ ಬೆಂಚಿನ ಮೇಲೆ ಕೂತು ಮೂರು ಲೋಟ ಟೀ ಕುಡಿದರು. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಮೊದಲು ಬೈಯುತ್ತಾರೆ, ಆಮೇಲೆ ದೇವರನ್ನು ಕರೆಯುತ್ತಾರೆ, ಬಾಗಿಲು ತೆರೆದಾಗ ಏನೂ ಆಗೇ ಇಲ್ಲವೆಂಬಂತೆ ಕೂದಲು ಸರಿಮಾಡಿಕೊಂಡು ಹೊರಗೆ ಬರುತ್ತಾರೆ ಅಂತ ಅವಳು ಹೇಳಿದಾಗ ಅವನು ಟೀ ಚೆಲ್ಲುವಷ್ಟು ನಕ್ಕ. ಆ ನಗುವನ್ನು ಅವಳು ಮನೆಗೆ ಕೊಂಡೊಯ್ದಳು.

*ಇದೇನಾಗ್ತಿದೆ ನನಗೆ?* ಏನಾಗುತ್ತಿದೆ ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ನಂಬರ್ ಪ್ಲೇಟ್ ತರಲು ಹೋದ ದಿನ ಎಲ್ಲ ತಲೆಕೆಳಗಾಯಿತು. ಕ್ಯಾಷ್ ಕೌಂಟರಿನ ಹೆಂಗಸು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ನಿನಗೆ ಗೊತ್ತಿಲ್ವಾ ತಾಯಿ? ಮ್ಯಾನೇಜರ್ ಹನ್ನೆರಡೂವರೆ ಸಾವಿರದ ಮೇಲೆ ಒಂದು ಪೈಸೆ ಬಿಡಲ್ಲ ಅಂದುಬಿಟ್ರು. ಮಿಕ್ಕಿದ್ದಕ್ಕೆ ನಮ್ಮ ಫೈನಲ್ ತನ್ನ ಕಮಿಷನ್ ಪೂರ್ತಿ ಬರೆದುಕೊಟ್ಟ. ಎಂಥಾ ಹುಡುಗ ನೋಡು!"

ಅವಳು ಕೈಯಲ್ಲಿದ್ದ ನಂಬರ್ ಪ್ಲೇಟನ್ನು ಬ್ಯಾಗಿಗೆ ತುರುಕಿದಳು.

*ಹಾಗಾದರೆ ನಾನು ಗೆದ್ದಿರಲಿಲ್ಲ!*

ಕೆಲಸಕ್ಕೆ ಸೇರಿದ ಹೊಸದರಲ್ಲಿ ಪರೀಕ್ಷಕನೊಬ್ಬ ಅವಳ ಕೆಲಸ ನೋಡುವ ಮೊದಲೇ "ಪಾಪ, ಹೆಣ್ಣುಮಗು" ಎಂದು ಪಾಸು ಬರೆದಿದ್ದ. ಅವಳು ಹಟ ಹಿಡಿದು ಆ ಪರೀಕ್ಷೆಗೆ ಮತ್ತೊಮ್ಮೆ ಕೂತಿದ್ದಳು. ಯಾರ ಕನಿಕರವೂ ಬೇಡ ಎಂದು ಬದುಕಿದವಳು ಅವಳು. ಈಗ ಇವನೂ...?

ಹತ್ತಿರದ ಎಟಿಎಮ್ಮಿಗೆ ಹೋಗಿ ಬಂದು, ಅವನ ಮೇಜಿನ ಮೇಲೆ ಲಕೋಟೆ ಇಟ್ಟಳು. ಎದುರಿಗೆ ಗಂಡ ಹೆಂಡತಿ ಇಬ್ಬರು ಗಿರಾಕಿಗಳು ಕೂತಿದ್ದರು.

"ಎರಡೂವರೆ ಸಾವಿರ. ನಿಮ್ಮ ದಾನ ನಿಮಗೇ ಇರಲಿ."

"ಅದು... ನೀವಂದುಕೊಂಡ ಹಾಗಲ್ಲ..."

"ಮತ್ತೆ ಹೇಗೆ? ಹೇಳಿ!"

ಅವನು ಗಿರಾಕಿಗಳನ್ನು ನೋಡಿದ, ಅವಳನ್ನು ನೋಡಿದ, ಸುಮ್ಮನಾಗಿಬಿಟ್ಟ.

ಆ ಮೌನವೇ ಅವಳನ್ನು ಹೆಚ್ಚು ಸುಟ್ಟಿತು. ಹೊರಗೆ ಬಂದು ಬೈಕ್ ಏರಿದಾಗ ಹೆಲ್ಮೆಟ್ಟಿನೊಳಗೆ ಕಣ್ಣು ಮಂಜಾಯಿತು.

ಹತ್ತು ದಿನ ಫೋನ್ ಬರಲಿಲ್ಲ. ಅವಳೂ ಮಾಡಲಿಲ್ಲ. ಅಮ್ಮನ ಹತ್ತಿರ ಮಾತ್ರ ನಡೆದದ್ದನ್ನೆಲ್ಲ ಹೇಳಿಕೊಂಡಿದ್ದಳು. ಹನ್ನೊಂದನೆಯ ದಿನ ಬೆಳಗ್ಗೆ ಅಮ್ಮ ತಿಂಡಿ ತಟ್ಟೆ ಮುಂದಿಟ್ಟು ಕೇಳಿದಳು:

"ಅವನು ಪಾಪ ಅಂತ ಕೊಟ್ನೋ, ಬೇರೆ ಏನಾದ್ರೂ ಇತ್ತೋ... ಕೇಳಿದ್ಯಾ?"

"ಕೇಳ್ದೆ. ಬಾಯಿ ಬಿಡಲಿಲ್ಲ."

"ಜನರ ಮುಂದೆ ಕೇಳಿದ್ರೆ ಯಾರು ಬಿಡ್ತಾರೆ? ಅಷ್ಟು ಚೆನ್ನಾಗಿ ಚೌಕಾಸಿ ಮಾಡೋಳು, ಇಷ್ಟು ಬೇಗ ಎದ್ದು ಬಂದುಬಿಟ್ಯಲ್ಲೇ ಪುಟ್ಟಿ!"

ಅವಳು ಬ್ಯಾಗ್ ಎತ್ತಿಕೊಂಡಳು. ದಾರಿಯುದ್ದಕ್ಕೂ ಅದೇ ಮಾತು. *ಸಂಜೆ ಹೋಗಿ ಕೇಳಿಯೇಬಿಡಬೇಕು. ಸರಿಯಾಗಿ.*

ಆದರೆ ಸಂಜೆಯವರೆಗೆ ಕಾಯುವ ಪ್ರಮೇಯವೇ ಬರಲಿಲ್ಲ.

ಒಂಬತ್ತು ಮಹಡಿಯ ಕಟ್ಟಡದ ತುದಿಯಲ್ಲಿ, ಮೋಟಾರು ಮತ್ತು ಉಕ್ಕಿನ ಹಗ್ಗಗಳಿದ್ದ ಚಿಕ್ಕ ಕೋಣೆಯಲ್ಲಿ ಅವಳು ಬ್ರೇಕ್ ಬಿಚ್ಚಿ ಕೂತಿದ್ದಳು. ಬಾಗಿಲಲ್ಲಿ ಯಾರೋ ಏದುಸಿರು ಬಿಡುವ ಸದ್ದು. ತಿರುಗಿದಳು.

ಫೈನಲ್! ಅಂಗಿಯೆಲ್ಲ ಬೆವರು. ಒಂದು ಕೈ ಗೋಡೆಗೆ, ಇನ್ನೊಂದು ಕೈಯಲ್ಲಿ ಅದೇ ಲಕೋಟೆ.

"ನಿಮ್ಮ... ಆಫೀಸಲ್ಲಿ... ಕೇಳ್ಕೊಂಡು ಬಂದೆ..." ಅವನು ಉಸಿರು ಎಳೆದುಕೊಂಡ. "ಲಿಫ್ಟ್ ಬಂದ್ ಮಾಡಿದ್ದು ನೀವೇ ಅಂತ ಮೆಟ್ಟಿಲು ಹತ್ತುತ್ತಾ ಆರನೇ ಮಹಡೀಲಿ ಹೊಳೀತು!"

ನಗು ಬಂತು. ಅವಳು ಅದನ್ನು ಹಲ್ಲಿನಲ್ಲೇ ತಡೆದಳು. ನೀರಿನ ಬಾಟಲಿ ಕೊಟ್ಟಳು. ಅವನು ಅರ್ಧ ಬಾಟಲಿ ಖಾಲಿ ಮಾಡಿ, ಲಕೋಟೆಯನ್ನು ಟೂಲ್ ಬ್ಯಾಗಿನ ಮೇಲಿಟ್ಟ.

"ಇದು ನನಗೆ ಬೇಡ. ನಾನು ದಾನ ಮಾಡಿಲ್ಲ. ಲಾಭ ಮಾಡ್ಕೊಂಡಿದೀನಿ."

"ಏನು?"

"ಮಳೆಗಾಲದಲ್ಲಿ ಗಾಡಿ ಹೋಗಲ್ಲ ಅಂತ ಕಂಪನಿ ಒಂದು ಬೋನಸ್ ಇಟ್ಟಿತ್ತು. ತಿಂಗಳಲ್ಲಿ ಎಂಟು ಬೈಕ್ ಮಾರಿದವರಿಗೆ ಹತ್ತು ಸಾವಿರ. ಇಪ್ಪತ್ತೊಂಬತ್ತನೇ ತಾರೀಕಿಗೆ ನಂದು ಏಳಾಗಿತ್ತು. ಎಂಟನೇದು ನಿಮ್ಮದು. ಎರಡೂವರೆ ಬಿಟ್ಟೆ, ಹತ್ತು ತಗೊಂಡೆ. ನೀವು ಎದ್ದು ಹೋಗಿದ್ರೆ ನನ್ನ ಕಥೆ ಮುಗೀತಿತ್ತು. ನಿಜವಾಗ್ಲೂ ಗೆದ್ದಿದ್ದು ನೀವೇ."

ಅವಳು ಸ್ಪ್ಯಾನರ್ ಕೆಳಗಿಟ್ಟಳು. ಎದೆಯ ಮೇಲಿದ್ದ ಕಲ್ಲೊಂದು ಸರಿದ ಹಾಗಾಯಿತು. ಆದರೂ ಬಿಡಲಿಲ್ಲ.

"ಆವತ್ತೇ ಯಾಕೆ ಹೇಳಲಿಲ್ಲ? ಬಾಯಲ್ಲಿ ಏನಿತ್ತು?"

"ಭಯ."

"ನನ್ನ ಕಂಡ್ರಾ?"

"ಟಾರ್ಗೆಟ್‌ಗೋಸ್ಕರ ಮಾರಿದೆ ಅಂತ ಹೇಳಿದ್ರೆ... ಆಮೇಲೆ ಮಾಡಿದ ಫೋನು, ಕುಡಿದ ಟೀ, ಎಲ್ಲಾನೂ ವ್ಯಾಪಾರ ಅಂತ ನೀವು ಅಂದುಕೊಂಡ್ರೆ? ಅದನ್ನ ತಡ್ಕೊಳ್ಳೋಕೆ ಆಗಲ್ಲ ಅನ್ನಿಸ್ತು." ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. "ಬೈಕಿಗೆ ಬೋನಸ್ ಇತ್ತು. ಆ ಫೋನುಗಳಿಗೆ ಇರಲಿಲ್ಲ. ಅವನ್ನ ನಾನು ನಿಮ್ಮ ಧ್ವನಿ ಕೇಳೋಕೆ ಮಾಡ್ತಿದ್ದೆ. ನೀವಂದ್ರೆ ನನಗೆ ತುಂಬಾ ಇಷ್ಟ."

ಮೋಟಾರು ನಿಂತಿದ್ದ ಕೋಣೆ ಅದು. ಅವನ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತ್ತು.

"ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ," ಎಂದಳು ಮೆಲ್ಲಗೆ. "ಒಂದನೇ ತಾರೀಕಿಗೆ ಗಾಡಿ ಇಲ್ಲದಿದ್ರೆ ಈ ವಲಯ ನನಗೆ ಸಿಗ್ತಿರಲಿಲ್ಲ. ನೀವು ಆವತ್ತು ಇಲ್ಲ ಅಂದಿದ್ರೆ ಪೂರ್ತಿ ಬೆಲೆಗೇ ತಗೊಳ್ತಿದ್ದೆ."

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಪೂರ್ತಿ ಬೆಲೆಗೆ?!"

"ಪೂರ್ತಿ."

"ಅಯ್ಯೋ... ನಾನೆಂಥಾ ಸೇಲ್ಸಿನವನು!"

ಇಬ್ಬರೂ ಒಟ್ಟಿಗೆ ನಕ್ಕರು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ತುಂಬಿತು. ಒರೆಸಲು ಹೋದರೆ ಕೈಗೆಲ್ಲ ಗ್ರೀಸು. ಅವನು ಕರವಸ್ತ್ರ ತೆಗೆದು ತಾನೇ ಒರೆಸಿದ. ಅವಳು ಹಿಂದೆ ಸರಿಯಲಿಲ್ಲ.

"ಜನರ ಮುಂದೆ ಹಾಗೆ ಮಾತಾಡಬಾರದಿತ್ತು. ತಪ್ಪಾಯ್ತು," ಎಂದಳು. "ಭಾನುವಾರ ಮನೆಗೆ ಬನ್ನಿ. ಅಮ್ಮ ನಿಮ್ಮನ್ನ ನೋಡಬೇಕು."

"ನಾನು ಯಾರು ಅಂತ ಹೇಳ್ತೀರಾ?"

"ನನಗೆ ಇಷ್ಟವಾದವನು ಅಂತ. ಅಮ್ಮನ ಹತ್ರ ಸುತ್ತಿ ಬಳಸಿ ಮಾತಾಡಿ ಅಭ್ಯಾಸ ಇಲ್ಲ ನನಗೆ."

ಅವಳು ಬ್ರೇಕ್ ಜೋಡಿಸಿ, ಬೋಲ್ಟುಗಳನ್ನು ಬಿಗಿದು, ಸ್ವಿಚ್ ಹಾಕಿದಳು. ಮೋಟಾರು ಗುನುಗಿತು. ಖಾಲಿ ಲಿಫ್ಟನ್ನು ಮೂರು ಸಲ ಮೇಲೆ ಕೆಳಗೆ ಓಡಿಸಿ ನೋಡಿದಳು. ಸರಿಯಿತ್ತು. ಇಬ್ಬರೂ ಒಂಬತ್ತನೇ ಮಹಡಿಗೆ ಇಳಿದು ಬಂದಾಗ ಲಿಫ್ಟಿನ ಬಾಗಿಲು ತೆರೆದು ನಿಂತಿತ್ತು.

"ರಿಪೇರಿ ಆದ್ಮೇಲೆ ಮೊದಲು ನಾನೇ ಹತ್ತಿ ಇಳಿಯೋದು," ಎಂದಳು. "ಜೊತೆಗೆ ಬರ್ತೀರಾ? ಭಯ ಇಲ್ವಾ?"

"ನೀವು ಮಾಡಿದ ಕೆಲಸ ಅಲ್ವಾ? ಭಯ ಯಾಕೆ?"

"ನೀವು ಅಲ್ಲ... ನೀನು ಅನ್ನು."

ಅವನು ಒಳಗೆ ಬಂದು ಅವಳ ಪಕ್ಕ ನಿಂತ. ಗ್ರೀಸು ಮೆತ್ತಿದ ಅವಳ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಹೆಣೆದುಕೊಂಡ. ಬಾಗಿಲು ಮೆಲ್ಲಗೆ ಮುಚ್ಚಿತು.

"ಯಾವ ಮಹಡಿ?" ಕೇಳಿದಳು ಅವಳು.

"ನೀನು ಎಲ್ಲಿ ಇಳೀತೀಯೋ... ಅಲ್ಲಿ."