ಒಂದೇ ಬಾವಿ, ಎರಡು ವರದಿ

"ಇದನ್ನ ಮಾರಿದವರು ನೀವೇನಾ?"

ಅವಳು ಮೇಜಿನ ಮೇಲೆ ಕುಕ್ಕಿದ ಬಿಳಿ ಫಿಲ್ಟರಿನಿಂದ ನೀರು ಚೆಲ್ಲಿ, ಅವನು ಬರೆಯುತ್ತಿದ್ದ ಕಾಗದದ ಮೇಲೆಲ್ಲಾ ಹರಿಯಿತು.

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. ಅವನು ಮಾತ್ರ ಕಾಗದದ ಗೊಡವೆಗೆ ಹೋಗಲಿಲ್ಲ. ಅವಳ ಮುಖವನ್ನೇ ನೋಡಿದ.

"ಹೌದು, ನಾನೇ. ಏನಾಯ್ತು? ಸೋರ್ತಿದೆಯಾ?"

"ಸೋರ್ತಿದೆಯಾ ಅಂತೆ!" ಅವಳು ಫಿಲ್ಟರನ್ನು ಅವನತ್ತ ತಳ್ಳಿದಳು. "ಇದರ ನೀರು ಕುಡಿದು ನಮ್ಮಮ್ಮ ಹೋಗಿಬಿಟ್ರು. ಕಾಮಾಲೆ. ಆಸ್ಪತ್ರೆಯಲ್ಲಿ ಹನ್ನೊಂದೇ ದಿನ... ನೀರಿನಿಂದಲೇ ಬಂದಿದ್ದು ಅಂದರು ಡಾಕ್ಟರು. ಈಗ ಹೇಳಿ, ಏನಾಯ್ತು ಅಂತ!"

ಅವನು ಮೆಲ್ಲಗೆ ಎದ್ದು ನಿಂತ.

"ಯಾವ ಮನೆ?"

"ಟೈಲರ್ ಮನೆ. ಹಿತ್ತಲಲ್ಲಿ ಬಾವಿ ಇರೋದು."

ಆ ಭಾಗದ ಜನ ಅವನನ್ನು ಹಂಸ ಎಂದು ಕರೆಯುತ್ತಿದ್ದರು. ಅಂಗಡಿಯ ಹಿಂದೆ ಅವನದೊಂದು ಸಣ್ಣ ಪ್ರಯೋಗಶಾಲೆ ಇತ್ತು. ಬಾವಿ ನೀರನ್ನು ಅಲ್ಲಿ ಪರೀಕ್ಷಿಸದೆ ಯಾರಿಗೂ ಯಂತ್ರ ಮಾರುತ್ತಿರಲಿಲ್ಲ. "ಹಾಲು, ನೀರು ಬೇರೆ ಮಾಡೋನು ಬಿಡು, ನೀರಲ್ಲಿ ನೀರನ್ನೇ ಬೇರೆ ಮಾಡ್ತಾನೆ!" ಎಂದು ಫಿಲ್ಟರ್ ತಂದ ದಿನ ಅಪ್ಪ ಅಮ್ಮನ ಮುಂದೆ ನಕ್ಕಿದ್ದರು.

ಅವನು ಕಡತದಿಂದ ಒಂದು ಹಾಳೆ ತೆಗೆದ.

"ಕ್ರಿಮಿ ಇಲ್ಲ ಅಂತ ಬಂದಿತ್ತು. ಅದಕ್ಕೇ ಕೆಸರು ತಡೆಯೋ ಸಾದಾ ಫಿಲ್ಟರ್ ಸಾಕು ಅಂದಿದ್ದೆ."

"ಹಾಗಾದರೆ ನಮ್ಮಮ್ಮ ಸುಳ್ಳೇ ಸತ್ತರಾ?"

ಹಾಳೆಯ ಒಂದು ಸಾಲಿನ ಮೇಲೆ ಅವನ ಬೆರಳು ನಿಂತಿತ್ತು.

"ನಾನು ನಿಮ್ಮ ಬಾವಿ ನೋಡಬೇಕು. ಈಗಲೇ."

*

ಅಪ್ಪ ಹೊಲಿಗೆ ಯಂತ್ರದ ಪಕ್ಕದ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಯಂತ್ರದ ಸೂಜಿಯ ಕೆಳಗೆ ಅರ್ಧ ಅಂಚು ಹೊಲಿದ ಪರದೆ ಹಾಗೇ ಇತ್ತು. ಅಪ್ಪ ಹೊಲಿಯುವುದು, ಅಮ್ಮ ಎದುರು ಕೂತು ಬಟ್ಟೆ ಹಿಡಿಯುವುದು... ಮೂವತ್ತು ವರ್ಷ ನಡೆದ ಕೆಲಸ ಅಲ್ಲಿಗೇ ನಿಂತಿತ್ತು. ಆರು ವಾರದಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ, ನಾಲ್ಕು ಮಾತು ಆಡಿರಲಿಲ್ಲ.

ಅವನನ್ನು ಕಂಡದ್ದೇ ತಡ, ಎದ್ದು ಕೂತರು.

"ಬಂದೆಯೇನಯ್ಯಾ! ಯಾವ ಮುಖ ಇಟ್ಕೊಂಡು ಬಂದೆ?"

ಅವಳು ಬೆಚ್ಚಿದಳು. ಅಪ್ಪನ ಗಂಟಲಿನಲ್ಲಿ ಇನ್ನೂ ಇಷ್ಟು ಶಕ್ತಿ ಇದೆಯೇ?

ಅವನು ಅಡುಗೆಮನೆಗೆ ಹೋಗಿ ನೀರು ಕಾಯಿಸುವ ಕೆಟಲಿನೊಳಗೆ ಇಣುಕಿದ. ತಳದಲ್ಲಿ ಸುಣ್ಣ ಬಳಿದಂತೆ ದಪ್ಪಗೆ ಬಿಳಿ ಪದರ. ಉಗುರಿನಿಂದ ಕೆರೆದು ನೋಡಿದ. ಅವನ ಹುಬ್ಬು ಗಂಟಿಕ್ಕಿತು.

"ಮಹಡಿ ಮೇಲೆ ಟ್ಯಾಂಕಿನ ವಾಲ್ವ್ ಮುಚ್ಚಿ ಬರ್ತೀರಾ?"

ತುಕ್ಕು ಹಿಡಿದ ವಾಲ್ವ್ ತಿರುಗಿಸಲು ಅವಳಿಗೆ ಹೊತ್ತು ಹಿಡಿಯಿತು. ಇಳಿದು ಬಂದಾಗ ಅಪ್ಪ ಇನ್ನೂ ಬೈಯುತ್ತಲೇ ಇದ್ದರು. ಅವನು ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ತಪ್ಪು ನನ್ನದು ಯಜಮಾನ್ರೇ," ಎಂದ. "ಪರೀಕ್ಷೆ ಮಾಡಬೇಕಾದ ರೀತಿಯಲ್ಲಿ ನಾನು ಮಾಡಲಿಲ್ಲ."

ಅವಳು ಅವನಿಂದ ನೂರು ಸಬೂಬು ಕೇಳಲು ಸಿದ್ಧಳಾಗಿ ಬಂದಿದ್ದಳು. ಒಂದೂ ಬರಲಿಲ್ಲ.

"ಅಷ್ಟೇನಾ? ತಪ್ಪು ನನ್ನದು ಅಂದರೆ ಮುಗೀತಾ?"

"ಮುಗಿಯಲ್ಲ. ಇವತ್ತೇ ಬಾವಿ ನೀರು ತಗೊಂಡು ಹೋಗ್ತೀನಿ. ಪರೀಕ್ಷೆ ಮುಗಿಯೋ ತನಕ ಕುದಿಸದೆ ಒಂದು ಹನಿಯೂ ಕುಡಿಯಬೇಡಿ."

ಅವನು ಹೋದ ಮೇಲೆ ಅಪ್ಪ ತಾವಾಗಿಯೇ ತಟ್ಟೆ ಕೇಳಿದರು. ಬೈದು ಬೈದು ಹಸಿವಾಗಿತ್ತು!

*

ಅವಳು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಬೇರೆಯವರ ತಪ್ಪು ಹುಡುಕುವುದೇ ಅವಳ ಕಸುಬು. ಆ ವಾರ ಬೀದಿಯ ನಲ್ವತ್ತು ಮನೆಗೂ ಒಂದು ತಪ್ಪನ್ನು ಅವಳೇ ಹಂಚಿದಳು.

"ಅವನೇ ಒಪ್ಪಿಕೊಂಡನಾ?" ಪಕ್ಕದ ಮನೆ ಚಿಕ್ಕಮ್ಮ ಗಲ್ಲಕ್ಕೆ ಕೈ ಹಚ್ಚಿದಳು. "ಹಂಸ ಅಂತೆ ಹಂಸ! ಕೊಳದಲ್ಲಿ ಬಕ ಪಕ್ಷಿ!"

ಚಿಕ್ಕಮ್ಮನ ಕಿವಿಗೆ ಬಿದ್ದದ್ದು ಊರಿಗೆ ಬಿದ್ದಂತೆ.

ಹೊಸ ವರದಿ ಬಂತು. ಬಾವಿ ನೀರಿನಲ್ಲಿ ಮಲದ ಕ್ರಿಮಿಗಳಿದ್ದವು. ಹಿಂದಿನ ಸಾಲಿನ ಮನೆಯ ಶೌಚದ ಗುಂಡಿ ಬಿರುಕು ಬಿಟ್ಟು ಬಾವಿಗೆ ಒಸರುತ್ತಿತ್ತು. ಅವನೇ ಮುಂದೆ ನಿಂತು ಅದನ್ನು ಮುಚ್ಚಿಸಿದ. ಬಾವಿ ಬರಿದು ಮಾಡಿಸಿ, ಕ್ಲೋರಿನ್ ಹಾಕಿಸಿದ.

ಯಂತ್ರದ ವಿಚಾರಕ್ಕೆ ಬಂದಾಗ ಅವಳು ದೊಡ್ಡ ಅಂಗಡಿಯ ಬಣ್ಣದ ಚೀಟಿ ತೋರಿಸಿದಳು.

"ಏಳು ಹಂತದ ಆರ್‌ಓ. ಅದನ್ನೇ ಹಾಕಿಸ್ತೀವಿ. ನಿಮ್ಮ ಮಾತು ನಂಬಿ ಕೆಟ್ಟಿದ್ದು ಸಾಕು."

"ಹಾಕಿಸಿ. ಕೆಡುಕಿಲ್ಲ," ಎಂದ ಅವನು. "ಆದರೆ ಅದು ಮುಖ್ಯವಾಗಿ ಉಪ್ಪು ತೆಗೆಯೋಕೆ ಇರೋದು. ನಿಮ್ಮ ನೀರಲ್ಲಿ ಉಪ್ಪಿನಂಶ ಮಿತಿಯಲ್ಲೇ ಇದೆ. ಒಂದು ಕೊಡ ಕೊಟ್ಟು ಎರಡು ಕೊಡ ಮೋರಿಗೆ ಬಿಡುತ್ತೆ. ನಿಮಗಿರೋ ಶತ್ರು ಕ್ರಿಮಿ. ಮೊದಲು ಕೆಸರು ಹಿಡಿಯೋ ಜಾಲರಿ, ಆಮೇಲೆ ಯುವಿ ದೀಪ. ನೀರು ತಿಳಿಯಾಗಿದ್ದರೆ ಆ ಬೆಳಕು ಕ್ರಿಮಿಗಳನ್ನ ಮುಗಿಸುತ್ತೆ."

"ಕರೆಂಟ್ ಹೋದರೆ?"

"ಕುದಿಸಿ."

"ದೀಪ ಕೆಟ್ಟರೆ?"

"ಯಂತ್ರ ತಾನೇ ನೀರು ನಿಲ್ಲಿಸುತ್ತೆ."

"ಇದರಲ್ಲಿ ಕೆಟ್ಟದ್ದು ಏನೂ ಇಲ್ವಾ?"

"ಇದೆ. ದೀಪದ ಸುತ್ತ ಒಂದು ಗಾಜಿನ ಕೊಳವೆ ಇರುತ್ತೆ. ನಿಮ್ಮ ನೀರಲ್ಲಿ ಸುಣ್ಣ ಜಾಸ್ತಿ, ಅದರ ಮೇಲೆ ಕಟ್ಟಿಕೊಳ್ಳುತ್ತೆ. ಆಗ ದೀಪ ಉರೀತಾನೇ ಇರುತ್ತೆ, ಬೆಳಕು ಮಾತ್ರ ನೀರಿಗೆ ತಲುಪಲ್ಲ. ತಿಂಗಳಿಗೊಮ್ಮೆ ಒರೆಸಬೇಕು."

"ಯಾರು ಒರೆಸ್ತಾರೆ?"

"ನಾನು ಬರ್ತೀನಿ."

ಅವಳಿಗೆ ಅವನ ಮೇಲೆ ನಂಬಿಕೆ ಇರಲಿಲ್ಲ. ಆದರೆ ತನ್ನ ಸರಕಿನ ಕೊರತೆಯನ್ನು ಹೀಗೆ ಬಿಡಿಸಿ ಹೇಳುವ ಮಾರಾಟಗಾರನನ್ನು ಅವಳು ಕಂಡಿರಲಿಲ್ಲ. ಉಳಿದಿರುವುದು ಅಪ್ಪ ಒಬ್ಬರೇ... ಅವರನ್ನೂ ಈ ನೀರಿಗೆ ಕೊಡಲಾರೆ. ದೀಪದ ಯಂತ್ರವೇ ಗೋಡೆ ಏರಿತು.

ತಿಂಗಳಿಗೊಮ್ಮೆ ಅವನು ಬಂದ. ಬಾಗಿಲಲ್ಲೇ ಅಪ್ಪನ ಬೈಗುಳ ಶುರು. ಅವನು ಒಂದಕ್ಕೂ ಎದುರಾಡದೆ ಕೊಳವೆ ಒರೆಸಿ, ಹೊಸ ಬಾಟಲಿಯಲ್ಲಿ ನೀರು ಹಿಡಿದು, ಮರುವಾರ ವರದಿ ತಂದು ಕೊಡುತ್ತಿದ್ದ.

ಮೂರನೆಯ ತಿಂಗಳು ಅವಳು ತಿಳಿಯದೆಯೇ ಎರಡು ಲೋಟ ಚಹಾ ಮಾಡಿದ್ದಳು.

"ಕುಡೀರಿ. ವಿಷ ಏನೂ ಹಾಕಿಲ್ಲ."

"ಗೊತ್ತು. ನೀರು ನಾನೇ ಪರೀಕ್ಷೆ ಮಾಡಿದ್ದೀನಲ್ಲ."

ಅವಳಿಗೆ ನಗು ಬಂತು. ಅಮ್ಮ ಹೋದ ಮೇಲೆ ಮೊದಲ ನಗು. ಮರುಕ್ಷಣವೇ ಎದೆಯೊಳಗೆ ಚುಚ್ಚಿತು. 'ಅಮ್ಮನನ್ನು ಕಳೆದುಕೊಂಡದ್ದು ಇವನಿಂದ... ಇವನ ಮಾತಿಗೆ ನಗುತ್ತೀಯಾ?'

ಲೋಟವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಆದರೆ ಮರುತಿಂಗಳು ಅವನು ಬರುವುದು ಎರಡು ದಿನ ತಡವಾದಾಗ, ಬಾಗಿಲಿನತ್ತ ಎಷ್ಟು ಸಲ ನೋಡಿದಳೋ ಅವಳಿಗೇ ಲೆಕ್ಕವಿರಲಿಲ್ಲ.

*

ಆ ಸಲ ವರದಿ ತರಲು ಅವಳೇ ಅಂಗಡಿಗೆ ಹೋದಳು. ಷಟರ್ ಅರ್ಧ ಎಳೆದಿತ್ತು. ಒಳಗೆ ಗಿರಾಕಿ ಒಬ್ಬರೂ ಇಲ್ಲ. ಪೆಟ್ಟಿಗೆಗಳ ಮೇಲೆ ಧೂಳು. ಅವನು ಪರೀಕ್ಷೆಯ ಗಾಜಿನ ಸಾಮಾನುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತುತ್ತಿದ್ದ.

"ಏನಿದು?"

"ತಿಂಗಳ ಕೊನೆಗೆ ಮುಚ್ತೀನಿ. ನೀರು ತರೋರೇ ಇಲ್ಲ. ಬೇರೆ ಊರಲ್ಲಿ ಒಂದು ಕೆಲಸ ಇದೆ." ಅವನು ವರದಿಗಳನ್ನು ಮುಂದಿಟ್ಟ. "ನಿಮ್ಮ ಮನೆಯ ವರದಿ ಎಲ್ಲಾ ಇದರಲ್ಲಿದೆ, ಹಳೇದೂ ಸೇರಿ. ಮುಂದೆ ಯಾರೇ ಬಂದರೂ ತೋರಿಸಿ. ಕೊಳವೆ ಒರೆಸೋದು ಮಾತ್ರ ಮರೀಬೇಡಿ."

ಅವಳು ಹತ್ತಿರದ ಪೆಟ್ಟಿಗೆಯ ಮೇಲೆ ಬೆರಳು ಎಳೆದಳು. ಬೀದಿ ಬೀದಿಗೆ ಹಂಚಿದ ಮಾತುಗಳೆಲ್ಲಾ ಈ ಧೂಳಾಗಿ ಕೂತಿವೆ ಎನಿಸಿತು.

ಮನೆಗೆ ಬಂದು, ಅಭ್ಯಾಸಬಲದಿಂದ, ಹಳೆಯ ವರದಿಯನ್ನೂ ಹೊಸ ವರದಿಯನ್ನೂ ಪಕ್ಕಪಕ್ಕ ಇಟ್ಟು ಕರಡು ಓದುವಂತೆ ಓದಿದಳು. ಸಾಲಿಗೆ ಸಾಲು. ಅಂಕಿಗೆ ಅಂಕಿ.

ಹಳೆಯದರಲ್ಲಿ ಗಡಸುತನ, ಅಂದರೆ ನೀರಿನ ಸುಣ್ಣದಂಶ, ೧೦೪. ಹೊಸದರಲ್ಲಿ ೨೮೮. ಹಿಂದಿನ ತಿಂಗಳು ೨೮೧, ಅದರ ಹಿಂದೆ ೨೯೦...

ಒಂದೇ ಬಾವಿ. ಆ ಒಂದು ದಿನ ಮಾತ್ರ ಸುಣ್ಣ ಎಲ್ಲಿಗೆ ಹೋಗಿತ್ತು?

ಅವಳ ಕಣ್ಣು ಒಲೆಯ ಪಕ್ಕದ ಕೆಟಲಿನ ಮೇಲೆ ಬಿತ್ತು. ಸುಣ್ಣ ಇದ್ದದ್ದು ಅಲ್ಲಿ! ನೀರು ಕುದಿದಾಗ ಸುಣ್ಣ ತಳ ಸೇರುತ್ತದೆ. ಕುದಿದಾಗ... ಕ್ರಿಮಿಯೂ ಸಾಯುತ್ತದೆ.

ಬೆಂಚಿನ ಮೇಲಿನಿಂದ ಅಪ್ಪ ಕೇಳಿದರು. "ಏನು ಮಗಳೇ, ಆ ಹಾಳು ಮನುಷ್ಯನ ಕಾಗದಾನಾ?"

"ಹೌದಪ್ಪ."

"ನಾನು ಪರೀಕ್ಷೆಗೆ ಎಷ್ಟು ಜತನವಾಗಿ ನೀರು ಕೊಟ್ಟಿದ್ದೆ ಗೊತ್ತಾ? ನಾನೇ ಬಂದು ಹಿಡ್ಕೋತೀನಿ ಅಂದ. ಬೇಡಯ್ಯಾ, ನಿನಗ್ಯಾಕೆ ತೊಂದರೆ ಅಂತ ನಾನೇ ತಗೊಂಡು ಹೋದೆ. ಹೊರಗಿನವರು ನಮ್ಮ ನೀರನ್ನ ಕೊಳಕು ಅನ್ನಬಾರದಲ್ಲ? ಎರಡು ಸಲ ಕುದಿಸಿ, ಆರಿಸಿ, ಹೊಸ ಬಿಳಿ ಬಟ್ಟೆಯಲ್ಲಿ ಸೋಸಿ ಕೊಟ್ಟೆ. ಗಾಜಿನ ಹಾಗಿತ್ತು! ಅಂಥ ನೀರು ಕೊಟ್ಟರೂ ದರಿದ್ರ ಫಿಲ್ಟರ್ ಕಟ್ಟಿದ. ಅವತ್ತು ಅವನು ಮನೆಗೆ ಬಂದು, ನೀರು ಹೇಗೆ ಹಿಡಿದಿರಿ ಅಂತ ಕೇಳಿದಾಗಲೂ ಮುಖಕ್ಕೆ ಹೊಡೆದ ಹಾಗೆ ಇದನ್ನೇ ಹೇಳಿದೆ. ತುಟಿಪಿಟಿಕ್ ಅನ್ನಲಿಲ್ಲ!"

ಇಪ್ಪತ್ತು ವರ್ಷ ಅಮ್ಮ ಕುದಿಸಿದ ನೀರನ್ನೇ ಕೊಟ್ಟಿದ್ದಳು. ವರದಿ ಚೆನ್ನಾಗಿ ಬಂತೆಂದೇ ಅಪ್ಪ, "ಇನ್ನು ಒಲೆ ಮುಂದೆ ಬೇಯೋದು ಬಿಡೇ" ಎಂದಿದ್ದರು. ಪ್ರೀತಿಯಿಂದಲೇ ಅಂದಿದ್ದರು!

ಅವತ್ತು ಅವನು ತನ್ನನ್ನು ಮಹಡಿಗೆ ಕಳಿಸಿದ್ದು ಯಾಕೆಂದು ಈಗ ತಿಳಿಯಿತು. ಒಂದು ಮಾತು ಹೇಳಿದ್ದರೆ ಅವನ ಹೆಸರು ಉಳಿಯುತ್ತಿತ್ತು. ಅಪ್ಪ ಉಳಿಯುತ್ತಿರಲಿಲ್ಲ.

"ಯಾಕೆ ಸುಮ್ಮನಾದೆ ಪುಟ್ಟಿ?"

"ಏನಿಲ್ಲಪ್ಪ," ಅವಳು ವರದಿಗಳನ್ನು ಮಡಚಿದಳು. "ಕಣ್ಣಿಗೆ ಧೂಳು."

*

ಮರುದಿನ ಸಂಜೆ, ಊರು ಬಿಡುವ ಮುನ್ನ, ಅವನು ಕೊನೆಯ ಸಲ ಕೊಳವೆ ಒರೆಸಲು ಬಂದ. ಅಪ್ಪ ಕಣ್ಣು ಮುಚ್ಚಿ ಮಲಗಿದ್ದರು. ಕೆಲಸ ಮುಗಿಸಿ ಹಿತ್ತಲಿಗೆ ಬಂದವನನ್ನು ಅವಳು ಬಾವಿಕಟ್ಟೆಯ ಬಳಿ ತಡೆದಳು.

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರೆ. ಆ ಎಮ್ಮೆ ತಾನಾಗೇ ಬಂದು ಬೆನ್ನು ಕೊಡೋದು ನಾನೆಲ್ಲೂ ಕೇಳಿಲ್ಲ."

ಅವನು ನಿಂತುಬಿಟ್ಟ.

"ನೂರಾ ನಾಲ್ಕು... ಇನ್ನೂರಾ ಎಂಬತ್ತೆಂಟು," ಅವಳ ಕಣ್ಣೀರು ಹರಿಯಿತು. "ಯಾಕೆ ಹೇಳಲಿಲ್ಲ ನನಗೆ?"

"ಯಜಮಾನರಿಗೆ...?"

"ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ."

ಅವನು ಉಸಿರು ಬಿಟ್ಟು ಕಟ್ಟೆಯ ಮೇಲೆ ಕೂತ. "ತಪ್ಪು ನನ್ನದು ಅಂದಿದ್ದು ಸುಳ್ಳಲ್ಲ. ಸ್ಯಾಂಪಲ್ ನಾನೇ ಬಂದು ಹಿಡೀಬೇಕಾಗಿತ್ತು, ಅದು ನನ್ನದೇ ನಿಯಮ. ಅವರು ತಂದ ಬಾಟಲಿ ತಗೊಂಡೆ. ಗಡಸುತನದ ಅಂಕಿ ನೋಡಿಯೂ, ಈ ಬಾವಿಗೆ ಇದು ಕಮ್ಮಿಯಾಯ್ತಲ್ಲ ಅಂತ ಕೇಳಲಿಲ್ಲ. ನಿಮ್ಮಮ್ಮನ ಸಾವಿನಲ್ಲಿ ನನ್ನ ಪಾಲು ಇದ್ದೇ ಇದೆ. ಎಷ್ಟೋ ದಿನ ಆ ಅಂಕಿಯೇ ಕಣ್ಮುಂದೆ ಬರುತ್ತೆ."

"ಪಾಲು ಇರಬಹುದು. ಪೂರ್ತಿ ಹೊತ್ತುಕೊಂಡ್ರಲ್ಲ!"

"ಅವರಿಂದ ಹೊರೋಕೆ ಆಗ್ತಿರಲಿಲ್ಲ."

ಅವಳು ಅವನ ಪಕ್ಕದಲ್ಲಿ ಕುಸಿದು ಕೂತಳು. "ಬೀದಿಯವರಿಗೆಲ್ಲಾ ನಿಮ್ಮ ತಪ್ಪಿಲ್ಲ ಅಂತ ಹೇಳಿಬಿಡ್ತೀನಿ ಅಂದರೆ, ಮತ್ತೆ ಯಾರದು ಅಂತಾರೆ. ಅದು ಸುತ್ತಿ ಸುತ್ತಿ ಅಪ್ಪನ ಕಿವಿಗೇ ಬರುತ್ತೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು... ನಿನ್ನೆಯಿಂದ ಅದೇ ಯೋಚನೆ."

"ಯೋಚಿಸಬೇಡಿ. ನಾನು ಹೋಗ್ತೀನಲ್ಲ."

"ಹೋಗಬೇಡಿ."

ಗಾಳಿಗೆ ರಾಟೆ ಕಿರ್ರೆಂದಿತು. ಅವಳು ಮುಖ ಒರೆಸಿಕೊಂಡಳು.

"ನಾನು ಎಲ್ಲರೆದುರು ನಿಮ್ಮ ಕೈ ಹಿಡಿದರೆ? ತಾಯಿ ಕಳ್ಕೊಂಡ ಮಗಳೇ ಇವನನ್ನ ಮದುವೆ ಆಗ್ತಾಳೆ ಅಂದರೆ, ತಪ್ಪು ಇವನದಲ್ಲ ಅಂತ ಜನ ತಾವೇ ತಿಳ್ಕೋತಾರೆ. ಒಂದು ಮಾತೂ ಆಡಬೇಕಾಗಿಲ್ಲ."

ಅವನು ತಲೆ ಅಲ್ಲಾಡಿಸಿದ. ನೋವಿನಿಂದ. "ನನ್ನ ಹೆಸರು ತೊಳೆಯೋಕೆ ನಿಮ್ಮ ಬದುಕು ಕೊಡಬೇಡಿ. ಅಂಥ ಋಣ ನನಗೆ ಬೇಡ."

"ಅಯ್ಯೋ, ಇಷ್ಟು ಓದಿದ್ದೀರಿ, ಇದು ತಿಳಿಯಲ್ವಾ!" ಅವಳು ಅವನತ್ತ ತಿರುಗಿದಳು. "ಕಾರಣ ಗೊತ್ತಾಗಿದ್ದು ನಿನ್ನೆ. ಬಾಗಿಲು ಕಾಯ್ತಿರೋದು ಮೂರು ತಿಂಗಳಿಂದ. ನಿಮ್ಮನ್ನ ದ್ವೇಷಿಸಬೇಕು ಅಂತ ದಿನಾ ಬೆಳಿಗ್ಗೆ ಎದ್ದು ನನಗೆ ನಾನೇ ನೆನಪು ಮಾಡ್ಕೋಬೇಕಾಗಿತ್ತು..."

ಅವನು ಒದ್ದೆಯಾಗಿದ್ದ ತನ್ನ ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಅವಳ ಕೈಯ ಪಕ್ಕದಲ್ಲಿಟ್ಟ.

"ನಾನು ತಿಂಗಳಿಗೊಮ್ಮೆ ಅಂದಿದ್ದು ಸುಳ್ಳು," ಎಂದ. "ಎರಡು ತಿಂಗಳಿಗೊಮ್ಮೆ ಒರೆಸಿದ್ದರೂ ಸಾಕಿತ್ತು."

ಅವಳು ಅಳುತ್ತಲೇ ಅವನ ಕೈ ಹಿಡಿದಳು.

"ಆದರೆ ನಿಮ್ಮಪ್ಪ?" ಅವನು ಪಿಸುಗುಟ್ಟಿದ. "ಅವರ ಪಾಲಿಗೆ ನಾನು ಎಂದಿಗೂ ಅದೇ ಮನುಷ್ಯ. ನಿಮ್ಮ ಮೇಲೂ ಸಿಟ್ಟಾಗ್ತಾರೆ. ಕ್ಷಮಿಸದೇ ಇರಬಹುದು."

"ಗೊತ್ತು. ಸಿಟ್ಟಿದ್ದರೆ ಊಟ ಮಾಡ್ತಾರೆ, ಎದ್ದು ಕೂರ್ತಾರೆ. ಸತ್ಯ ಗೊತ್ತಾದರೆ..." ಅವಳು ಒಳಬಾಗಿಲಿನತ್ತ ನೋಡಿದಳು. "ಆ ಸಿಟ್ಟನ್ನ ಇಬ್ಬರೂ ಹಂಚ್ಕೊಳ್ಳೋಣ."

ಅಷ್ಟರಲ್ಲಿ ಒಳಗಿನಿಂದ ಬೆಂಚು ಕಿರುಗುಟ್ಟಿತು. ಅಪ್ಪನ ಧ್ವನಿ ಕತ್ತಿಯಂತೆ ಬಂತು.

"ಬಾವಿ ಹತ್ತಿರ ಯಾರದು ಮಾತು? ಅವನೇನಾ?"

"ಹೌದಪ್ಪ. ಅವರೇ."

ಅವಳು ಎದ್ದಳು. ಕೈ ಬಿಡಲಿಲ್ಲ.

"ಒಳಗೆ ಬರ್ತೀರಾ? ತುಂಬಾ ಬೈತಾರೆ."

"ಎಷ್ಟು ಹೊತ್ತು?"

"ಬಹುಶಃ... ಬಹಳ ವರ್ಷ."

ಅವನು ಎದ್ದು ನಿಂತ.

"ಸರಿ. ನಡೀರಿ."