ತಣ್ಣಗಿದ್ದ ಹಂಚು

ನೀಲಗಂಗವ್ವ ಹಿಟ್ಟಿನ ಉಂಡೆಯನ್ನು ಬೆರಳಿನಿಂದ ಒತ್ತಿ ನೋಡಿ ಇನ್ನಷ್ಟು ನೀರು ಚಿಮುಕಿಸಿದಳು. ಆ ಬೆರಳುಗಳ ಸ್ಪರ್ಶಜ್ಞಾನ ಹೋಗಿ ಆರು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಅಂಗೈಯ ನರಗಳನ್ನು ತಿಂದುಹಾಕಿತ್ತು. ಈಗ ಹಿಟ್ಟಿನ ಹದವನ್ನು ತಿಳಿಸುತ್ತಿದ್ದುದು ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಕೈಗವಸು. ಅದರ ಸಂವೇದಕಗಳು ಒತ್ತಡವನ್ನೂ ಶಾಖವನ್ನೂ ಅಳೆದು, ಮೊಣಕೈ ಬಳಿ ಇನ್ನೂ ಜೀವವಿದ್ದ ನರಕ್ಕೆ ತಲುಪಿಸುತ್ತಿದ್ದವು. 2057ರ ಹೊತ್ತಿಗೆ ಗದಗಿನ ಸುತ್ತಮುತ್ತ ಮುನ್ನೂರು ಮಂದಿ ಅದನ್ನು ತೊಡುತ್ತಿದ್ದರು. ದರ್ಜಿಯೊಬ್ಬ ಮತ್ತೆ ಸೂಜಿ ಹಿಡಿದಿದ್ದ. ನೀಲಗಂಗವ್ವ ಖಾನಾವಳಿಯ ರೊಟ್ಟಿ ಕೆಲಸಕ್ಕೆ ಮರಳಿದ್ದಳು.

ಶ್ರಾವಣದ ಒಂದು ಮಧ್ಯಾಹ್ನ ಊಟಕ್ಕೆ ಜನ ಹೆಚ್ಚಾಗಿ, ಒಲೆಯನ್ನು ಪೂರ್ತಿ ಏರಿಸಿದ್ದರು. ರೊಟ್ಟಿಯ ಅಂಚು ಮಡಚಿಕೊಂಡಿತು. ಬಿಡಿಸಲು ಹೋದಾಗ ಬೆರಳು ಹಂಚಿಗೇ ತಾಗಿತು, ತಂಪೆನಿಸಿತು. ವಿದ್ಯುತ್ ಒಲೆಯಲ್ಲಿ ಉರಿ ಕಾಣುವುದಿಲ್ಲ. ಕರೆಂಟು ಹೋಗಿರಬೇಕೆಂದು, ಖಾತ್ರಿ ಮಾಡಿಕೊಳ್ಳಲು ಅವಳು ಅಂಗೈಯನ್ನೇ ಹಂಚಿನ ಮೇಲಿಟ್ಟಳು. ಇನ್ನೂ ತಂಪಾಯಿತು. ಪಕ್ಕದಲ್ಲಿ ಪಲ್ಯ ಮಾಡುತ್ತಿದ್ದ ಮಾಬೂಬಿ ಸುಟ್ಟ ವಾಸನೆಗೆ ತಿರುಗಿ ನೋಡಿ, ಓಡಿಬಂದು ಕೈ ಎಳೆದಳು. ಎರಡು ಬೆರಳುಗಳನ್ನು ಉಳಿಸಲಾಗಲಿಲ್ಲ.

ಗವಸನ್ನು ರೂಪಿಸಿದ ವಿಜ್ಞಾನಿ ಇಂದುಮತಿ ಹುಯಿಲಗೋಳ, ಸುಟ್ಟ ಗವಸನ್ನು ಮೇಜಿನ ಮೇಲೆ ಬಿಚ್ಚಿದಳು. ಅದರೊಳಗಿನ ಆಪ್-ಆಂಪ್ ಎಂಬ ಚಿಪ್ಪಿನ, ಅಂದರೆ ಎಲೆಕ್ಟ್ರಾನಿಕ್ ಬಿಲ್ಲೆಯ ಕೆಲಸ, ತನ್ನ ಎರಡು ಒಳತಂತಿಗಳ ನಡುವಿನ ಅತಿಸಣ್ಣ ವೋಲ್ಟೇಜ್ ವ್ಯತ್ಯಾಸವನ್ನು ಹಿಗ್ಗಿಸುವುದು. ಗವಸು ಮುಟ್ಟಿದ್ದು ಬಿಸಿಯಾದಷ್ಟೂ ಆ ಎರಡೂ ತಂತಿಗಳ ವೋಲ್ಟೇಜ್ ಏರುತ್ತಿತ್ತು; ಆದರೆ ಅದು ಒಂದು ಎಲ್ಲೆಯೊಳಗಿರಬೇಕು. ಎರಡೂ ಒಟ್ಟಿಗೆ ಅದನ್ನು ಮೀರಿದರೆ ಕೆಲವು ಬಿಲ್ಲೆಗಳು ತಲೆಕೆಳಗಾಗುತ್ತವೆ. ಅತಿ ಹೆಚ್ಚು ಎನ್ನಬೇಕಾದಲ್ಲಿ ಅತಿ ಕಡಿಮೆ ಎನ್ನುತ್ತವೆ. ಬಿಲ್ಲೆಯ ಮಾಹಿತಿ ಹಾಳೆಯಲ್ಲಿ ಅದರ ಬಗ್ಗೆ ಒಂದು ಸಾಲಿತ್ತು. ಇಂದುಮತಿ ಅದನ್ನು ಓದಿದ್ದಳು. ಅಷ್ಟು ಬಿಸಿಯನ್ನು ಯಾರು ಮುಟ್ಟುತ್ತಾರೆ ಎಂದುಕೊಂಡಿದ್ದಳು.

ಅವಳಿಗೆ ಅಳು ಬರಲಿಲ್ಲ, ಭಯವೂ ಆಗಲಿಲ್ಲ. ಎಲ್ಲ ಗವಸುಗಳನ್ನೂ ವಾಪಸ್ ತರಿಸುವ ಪತ್ರಕ್ಕೆ ಸಹಿ ಹಾಕಿ, ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು.

"ತಪ್ಪು ನಂದು," ಎಂದಳು. "ಅದು ಹಿಂಗ ಮಾಡಬಹುದು ಅಂತ ನನಗ ಗೊತ್ತಿತ್ತು."

ನೀಲಗಂಗವ್ವ ಕೈಗೆ ಸುತ್ತಿದ್ದ ಪಟ್ಟಿಯನ್ನು ನೋಡುತ್ತ ಕುಳಿತಿದ್ದಳು. "ನೋವಂತೂ ಇಲ್ರಿ ಬಾಯಾರ. ಆ ಕೈಗೆ ಏನೂ ತಿಳಿಯಂಗಿಲ್ಲ."

"ಬೈರಿ ನನಗ."

"ಬೈದ್ರ ಬೆರಳ ಬರ್ತಾವೇನ್ರಿ?" ನೀಲಗಂಗವ್ವ ಕೇಳಿದಳು: "ಮತ್ತ ಮಾಡ್ತೀರೇನು ಅದನ್ನ?"

"ಮಾಡ್ತೀನಿ. ಎಷ್ಟ ಬಿಸಿ ಇದ್ರೂ ತಾಳೂವಂಗ ಮಾಡ್ತೀನಿ."

"ಅದಕ್ಕೂ ಒಂದು ಕೊನಿ ಇರತೈತಲ್ರಿ. ಅಲ್ಲಿಗೆ ಮುಟ್ಟಿದ ಮ್ಯಾಲ, ನನಗ ಗೊತ್ತಿಲ್ಲ ಅನ್ಲಿ ಅದು. ಸುಮ್ಮನಾತಂದ್ರ ನಾ ಕೈ ತಗೀತೀನಿ. ಸುಳ್ಳ ಹೇಳಿದ್ರ ಹೆಂಗ ತಗೀಲಿ?"

ಹೊಸ ಗವಸಿನಲ್ಲಿ ಇಂದುಮತಿ ಎಲ್ಲೆಯನ್ನು ಕಾಯುವ ಇನ್ನೊಂದು ಬಿಲ್ಲೆ ಸೇರಿಸಿದಳು. ಎಲ್ಲೆ ಹತ್ತಿರವಾದೊಡನೆ ಗವಸು ನರಕ್ಕೆ ಏನನ್ನೂ ಕಳಿಸದೆ ಪೂರ್ತಿ ಸುಮ್ಮನಾಗುತ್ತಿತ್ತು. ನೀಲಗಂಗವ್ವ ಅದನ್ನು ತೊಟ್ಟಳು. ಆದರೆ ಬಹಳ ಜನರಿಗೆ ಅದು ಹಿಡಿಸಲಿಲ್ಲ. ಎಂದೂ ಸುಮ್ಮನಾಗದ ಬೇರೊಂದು ಗವಸು ಪೇಟೆಗೆ ಬಂದು ಹೆಚ್ಚು ಮಾರಾಟವಾಯಿತು. ಏನಾದರೊಂದು ಉತ್ತರ ಕೊಡುವ ಯಂತ್ರವನ್ನು ಜನ ನಂಬುತ್ತಾರೆ. ಗೊತ್ತಿಲ್ಲ ಎನ್ನುವುದನ್ನು ದುರಸ್ತಿಗೆ ಕಳಿಸುತ್ತಾರೆ.

ಹಾಗೆ ಬಂದವನ್ನು ಇಂದುಮತಿ ಒಂದೊಂದಾಗಿ ಪರೀಕ್ಷಿಸಿ, ಒಂದೇ ಚೀಟಿ ಇಟ್ಟು ಹಿಂದಿರುಗಿಸುತ್ತಿದ್ದಳು: ‘ಗವಸು ಕೆಟ್ಟಿಲ್ಲ. ದಯವಿಟ್ಟು ಕೈ ತೆಗೆಯಿರಿ.’